ಏಳುನೂರು ಗಾವುದದಾಚೆ

ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಸೂಟ್‌ಕೇಸ್ ತೂಗಿಸಿದವನು ನಾನೊಬ್ಬನೇ ಇರಲಿಕ್ಕಿಲ್ಲ. ಮೂರ್ನಾಲ್ಕು ವರ್ಷದ ಹಿಂದಿನ ಜನವರಿ. ಅಣ್ಣನ ಮಗ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ. ಒಂದು ಪೆಟ್ಟಿಗೆಗೆ 23 ಕೆಜಿ, ಅದಕ್ಕಿಂತ ಹೆಚ್ಚಾದರೆ ಕೌಂಟರಿನಲ್ಲೇ ಪೆಟ್ಟಿಗೆ ಬಿಚ್ಚಿಸುತ್ತಾರೆ ಅಂತ ಯಾರೋ ಹೇಳಿ ಹೆದರಿಸಿದ್ದರು. ಮನೆಯಲ್ಲಿ ತೂಕದ ಯಂತ್ರ ಇಲ್ಲ. ಪರಿಚಯದ ಮಂಡಿಗೆ ಹೋದೆವು. ಕಾಟಾದ ತಗಡಿನ ಮೇಲೆ ಹಿಂದಿನ ದಿನದ ಹುಣಸೆಹಣ್ಣಿನ ಅಂಟು ಇನ್ನೂ ಒಣಗಿರಲಿಲ್ಲ. ಅದರ ಮೇಲೊಂದು ಗೋಣಿಚೀಲ ಹಾಸಿ, ಹಮಾಲಿ ಒಂದೇ ಕೈಯಲ್ಲಿ ಪೆಟ್ಟಿಗೆ ಎತ್ತಿಟ್ಟು, "ಇಷ್ಟಕ್ಕೆಲ್ಲ ಕಾಟಾ ಬೇಕಾ ಸಾರ್?" ಅಂದ. ಕೆಂಪು ಅಂಕಿ ಕುಣಿದು ಕುಣಿದು 23.640ಕ್ಕೆ ನಿಂತಿತು.

640 ಗ್ರಾಂ ಇಳಿಸಬೇಕು. ಒಳಗೆ ಅವ್ವ ಕೊಟ್ಟ ಒಂದು ಕೆಜಿ ಕಡ್ಲೆಕಾಯಿ ಚಟ್ನಿಪುಡಿ ಇತ್ತು, ಹುಡುಗನ ಒಂದು ಜೀನ್ಸ್ ಪ್ಯಾಂಟೂ ಇತ್ತು. ಅವನು ಪ್ಯಾಂಟ್ ತೆಗೆದ. "ಇದು ಅಲ್ಲೂ ಸಿಗ್ತದೆ ಚಿಕ್ಕಪ್ಪಾ."

ಅವ್ವ ಇರುವುದು ಕಲ್ಯಾಣದುರ್ಗದ ಕಡೆಯ ಹಳ್ಳಿಯಲ್ಲಿ. ಹಿಂದಿನ ವಾರ ಮೊಮ್ಮಗ ಹೇಳಿಬರಲು ಹೋಗಿದ್ದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ದೂರ ಐತೋ ಅದು?"

"ಹತ್ತತ್ರ ಹದಿನಾಲ್ಕು ಸಾವಿರ ಕಿಲೋಮೀಟ್ರು, ಅಜ್ಜಿ."

"ಕಿಲೋಮೀಟ್ರು ನಂಗೆ ಗೊತ್ತಾಗಲ್ಲ. ಹರದಾರಿ ಲೆಕ್ಕದಾಗೆ ಹೇಳು."

ಹುಡುಗ ನನ್ನ ಮುಖ ನೋಡಿದ. ಹರದಾರಿ ಎಂದರೆ ಮೂರು ಮೈಲಿ, ನಾಲ್ಕು ಹರದಾರಿಗೆ ಒಂದು ಗಾವುದ. ಮೊಬೈಲು ತೆಗೆದು ಗುಣಿಸಿದೆ, ಭಾಗಿಸಿದೆ: ಎರಡು ಸಾವಿರದ ಒಂಬೈನೂರಕ್ಕೆ ಮೂರು ಕಮ್ಮಿ ಹರದಾರಿ. ಗಾವುದದ ಲೆಕ್ಕಕ್ಕೆ 724. ಜೋಡೆತ್ತಿನ ಗಾಡಿ ದಿನಕ್ಕೆ ಒಂದು ಗಾವುದ ನಡೆಯುತ್ತದೆ ಅಂತಿಟ್ಟುಕೊಂಡರೆ, ಎತ್ತಿಗೆ ಒಂದು ದಿನವೂ ಬಿಡುವು ಕೊಡದೆ, ಸಮುದ್ರ ಬಂದರೂ ನಿಲ್ಲದೆ, 724 ದಿನ. ಎರಡು ವರ್ಷಕ್ಕೆ ಆರು ದಿನ ಕಮ್ಮಿ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗೆ ಹೋಗುತ್ತ, "ಎರಡು ವರ್ಷದ ಬುತ್ತಿ ಕಟ್ಟಬೇಕಿತ್ತಲ್ಲೋ" ಎಂದಳು. ಆ ಒಂದು ಕೆಜಿ ಚಟ್ನಿಪುಡಿ ಬಂದದ್ದು ಹಾಗೆ.

ನಾನು ಆ ದಿನದಿಂದ ಈ ಲೆಕ್ಕಕ್ಕೆ ಬಿದ್ದಿದ್ದೇನೆ. ಬಿಡಿಸಿದಷ್ಟೂ ಸಿಕ್ಕು.

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಭೂಮಿಯ ಮೈಗೆ ಅಂಟಿಕೊಂಡ ಅತಿ ಹತ್ತಿರದ ದಾರಿ ಸುಮಾರು 13,990 ಕಿ.ಮೀ. ಭೂಮಿಯ ಸುತ್ತಳತೆ 40,000 ಕಿ.ಮೀ. ಚಿಲ್ಲರೆ. ಅಂದರೆ ಭೂಮಿಯನ್ನು ಮೂರು ಪಾಲು ಮಾಡಿದರೆ ಒಂದು ಪಾಲಿಗಿಂತಲೂ ಹೆಚ್ಚು. ಇದನ್ನು ಕಾಗದದ ಭೂಪಟದಲ್ಲಿ ನೋಡಬಾರದು, ಗೋಳದ ಮೇಲೆ ನೋಡಬೇಕು. ಭೂಪಟದಲ್ಲಿ ನೋಡಿದರೆ ಸ್ಯಾನ್ ಫ್ರಾನ್ಸಿಸ್ಕೊಗೆ ಪೂರ್ವಕ್ಕೆ ಹೋಗಬೇಕು, ಇಲ್ಲವೇ ಪಶ್ಚಿಮಕ್ಕೆ. ಸ್ಕೂಲಿನಲ್ಲಿ ಗೋಡೆಗೆ ನೇತುಹಾಕಿದ ಭೂಪಟ ನೋಡಿ ಬೆಳೆದ ನಮ್ಮಂಥವರ ತಲೆಯಲ್ಲಿ ಉತ್ತರಕ್ಕೆ ಅಮೆರಿಕವೇ ಇಲ್ಲ.

ಒಂದು ಗೋಳ ತಂದು, ಹೊಲಿಗೆ ನೂಲು ತೆಗೆದುಕೊಂಡು ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಕ್ಯಾಲಿಫೋರ್ನಿಯಾದ ಕರಾವಳಿಯ ಮೇಲೆ ಒತ್ತಿ ಬಿಗಿಯಾಗಿ ಎಳೆದೆ. ನೂಲು ಸರಕ್ಕನೆ ಮೇಲಕ್ಕೆ ಜಾರಿತು. ದೇವನಹಳ್ಳಿಯಿಂದ ಹೊರಟಿದ್ದು ಪೂರ್ವಕ್ಕಲ್ಲ, ಬಹುಮಟ್ಟಿಗೆ ಉತ್ತರಕ್ಕೇ, ಚೂರು ಬಲಕ್ಕೆ ವಾಲಿಕೊಂಡು. ತೆಲಂಗಾಣ, ಛತ್ತೀಸಗಢ, ಉತ್ತರ ಪ್ರದೇಶದ ಮಿರ್ಜಾಪುರದ ಆಸುಪಾಸು; ನೇಪಾಳದಲ್ಲಿ ಅನ್ನಪೂರ್ಣ ಶಿಖರದ ಪಕ್ಕದಲ್ಲೇ ಹಿಮಾಲಯ ದಾಟಿ, ಟಿಬೆಟ್, ಶಿನ್‌ಜಿಯಾಂಗ್, ಮಂಗೋಲಿಯಾದ ಅಂಚು; ಬೈಕಲ್ ಸರೋವರವನ್ನು ಬಲಕ್ಕೆ ಬಿಟ್ಟು ಸೈಬೀರಿಯಾದ ಉದ್ದಗಲ. ಉತ್ತರ ಅಕ್ಷಾಂಶ 71 ಡಿಗ್ರಿಯವರೆಗೆ, ಅಂದರೆ ಉತ್ತರ ಧ್ರುವವೃತ್ತದೊಳಗೆ, ಹಿಮಗಡ್ಡೆಯ ಸಮುದ್ರದ ಮೇಲೆ ಹೋಗಿ, ಅಲ್ಲಿಂದ ಅಲಾಸ್ಕಕ್ಕೆ ಇಳಿದು, ಉತ್ತರ ಅಮೆರಿಕದ ಅತಿ ಎತ್ತರದ ಬೆಟ್ಟ ಡೆನಾಲಿಯ ಹತ್ತಿರ ಹಾದು ಕ್ಯಾಲಿಫೋರ್ನಿಯಾ. ಹಿಂದೂಪುರದಲ್ಲಿ ಜನವರಿಯಲ್ಲೂ ಮಧ್ಯಾಹ್ನ ಫ್ಯಾನ್ ಹಾಕುವವರು ನಾವು. ನಮ್ಮ ಪಕ್ಕದೂರಿನಿಂದ ಅಮೆರಿಕಕ್ಕೆ ಇರುವ ನೇರ ದಾರಿ ಹಿಮಕರಡಿಯ ಊರಿನ ಮೇಲೆ ಹೋಗುತ್ತದೆ.

ಇನ್ನೂ ಒಂದು ಮಾತು ಆ ಗೋಳ ಹೇಳಿತು. ಅದರ ಅಡ್ಡಳತೆ 30 ಸೆಂ.ಮೀ. ನೂಲಿನ ಉದ್ದ 33 ಸೆಂ.ಮೀ. ಅದೇ ಅಳತೆಯಲ್ಲಿ ಹಿಂದೂಪುರದಿಂದ ದೇವನಹಳ್ಳಿಗೆ ಎರಡು ಮಿಲಿಮೀಟರಿಗಿಂತ ಕಡಿಮೆ, ಪೆನ್ಸಿಲಿನ ಮೊನೆಯಲ್ಲಿ ಇಟ್ಟ ಒಂದು ದಪ್ಪ ಚುಕ್ಕೆ. ವಿಮಾನ ಹಾರುವುದು ನೆಲದಿಂದ 11 ಕಿ.ಮೀ. ಆಸುಪಾಸಿನ ಎತ್ತರದಲ್ಲಿ. ಆ ಗೋಳದ ಮೇಲೆ ಅದು ಕಾಲು ಮಿಲಿಮೀಟರು, ಹೆಚ್ಚುಕಡಿಮೆ ನೂಲಿನ ದಪ್ಪ ಅಷ್ಟೇ. "ಆಕಾಶದಲ್ಲಿ ಹಾರಿದ" ಅಂತ ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಗೋಳದ ಲೆಕ್ಕದಲ್ಲಿ ಅವನು ನೆಲದ ಮೇಲೆ ತೆವಳಿಕೊಂಡೇ ಹೋಗಿದ್ದಾನೆ.

ಹಿಂದೂಪುರದವರಿಗೆ ವಿಮಾನ ನಿಲ್ದಾಣ ಹತ್ತಿರವಾದದ್ದು 2008ರಲ್ಲಿ. ಅದಕ್ಕೆ ಮೊದಲು ಎಚ್‌ಎಎಲ್ ನಿಲ್ದಾಣಕ್ಕೆ ಹೋಗಬೇಕೆಂದರೆ ಬೆಂಗಳೂರನ್ನು ಅಡ್ಡಕ್ಕೆ ಸೀಳಿಕೊಂಡು ಹೋಗಬೇಕಿತ್ತು. ಆ ವರ್ಷದ ಮೇ 24ರಂದು ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ಶುರುವಾದಾಗ ಬೆಂಗಳೂರಿನವರು, ಅಯ್ಯೋ, ಊರಾಚೆ ಹೋಯಿತು ಅಂತ ಗೊಣಗಿದರು. ನಮಗೆ ಊರೊಳಗೆ ಬಂದ ಹಾಗಾಯಿತು. ಹಕ್ಕಿ ಹಾರಿದ ಹಾಗೆ ನೇರ ಎಳೆದರೆ 74 ಕಿ.ಮೀ. ಪುಟ್ಟಪರ್ತಿಯಲ್ಲಿ 1990ರಿಂದ ಒಂದು ವಿಮಾನ ನಿಲ್ದಾಣ ಇದೆ, ಈಗಂತೂ ಅದು ನಮ್ಮದೇ ಜಿಲ್ಲೆ. ಆದರೂ ನಮ್ಮ ಊರಿನ ಬಾಯಲ್ಲಿ ಏರ್‌ಪೋರ್ಟ್ ಅಂದರೆ ದೇವನಹಳ್ಳಿಯೇ. ಅದಕ್ಕೂ ಒಂದು ತೊಡಕಿದೆ. ಕಾರು ಗೊತ್ತುಮಾಡಲು ಫೋನ್ ಮಾಡಿ, ಕೆಂಪೇಗೌಡ ನಿಲ್ದಾಣದ ಚಿಕ್ಕ ಹೆಸರು ಹಿಡಿದು "ಕೆಐಎಗೆ ಹೋಗಬೇಕು" ಅಂದರೆ ಡ್ರೈವರು ಕೇಳುತ್ತಾನೆ, "ಕಾರಿನ ಕಿಯಾನಾ, ವಿಮಾನದ ಕಿಯಾನಾ?" ಕಾರಿನ ಕಿಯಾ ಇರುವುದು ಪೆನುಕೊಂಡದ ಹತ್ತಿರದ ಎರ್ರಮಂಚಿಯಲ್ಲಿ, 2019ರಲ್ಲಿ ಮೊದಲ ಕಾರು ಹೊರಬಂದ ಕೊರಿಯಾದವರ ಕಾರ್ಖಾನೆ. ಒಂದು ಊರಿಗೆ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ತಪ್ಪು ತಿಳಿದುಕೊಂಡರೆ ವಿಮಾನ ತಪ್ಪುವುದು ಖಂಡಿತ.

ಆ ಬೆಳಿಗ್ಗೆ ನಾವು ಲೇಪಾಕ್ಷಿಯ ಮೇಲಿಂದ ಹೋದೆವು. ಕೊಡಿಕೊಂಡದಲ್ಲಿ ಹೆದ್ದಾರಿ ಸೇರಿ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ದೇವನಹಳ್ಳಿ. ಲೇಪಾಕ್ಷಿಯಲ್ಲಿ ರಸ್ತೆ ಪಕ್ಕದಲ್ಲೇ ನಂದಿ ಇದೆ, ಒಂದೇ ಬಂಡೆಯದು, 27 ಅಡಿ ಉದ್ದ, 15 ಅಡಿ ಎತ್ತರ. ರೆಕ್ಕೆ ಕತ್ತರಿಸಿಕೊಂಡು ಬಿದ್ದ ಜಟಾಯುವಿಗೆ ರಾಮ "ಲೇ ಪಕ್ಷಿ" ಅಂದನಂತೆ. ತೆಲುಗಿನಲ್ಲಿ ಏಳು ಹಕ್ಕಿ ಅಂತ. ಊರಿನ ಹೆಸರು ಹಾಗೆ ಬಂತು ಎಂದು ಜನ ಹೇಳುತ್ತಾರೆ. ಕಥೆಯ ರಾಮ ತೆಲುಗಿನಲ್ಲಿ ಮಾತಾಡಿದ್ದಾನೆ, ದೇವಸ್ಥಾನದ ಶಾಸನಗಳು ಮಾತ್ರ ಹೆಚ್ಚಿನವು ಕನ್ನಡದಲ್ಲಿವೆ. ನಮ್ಮ ಕಡೆ ಎಲ್ಲವೂ ಹೀಗೇ ಬೆರಕೆ. ವಿಮಾನ ಹತ್ತಲು ಹೋಗುವವರು ಈ ಹಕ್ಕಿಯ ಊರಿನ ಮೇಲೆ ಹಾದುಹೋಗುವುದು ನನಗಂತೂ ಯಾವಾಗಲೂ ಖುಷಿ ಕೊಡುತ್ತದೆ.

ಇನ್ನೊಂದು ವಿಚಿತ್ರ. ಹಿಂದೂಪುರ ಸಮುದ್ರಮಟ್ಟದಿಂದ 620 ಮೀಟರ್ ಆಸುಪಾಸಿನ ಎತ್ತರದಲ್ಲಿದೆ, ದೇವನಹಳ್ಳಿಯ ರನ್‌ವೇ 915 ಮೀಟರ್. ಅಂದರೆ ವಿಮಾನ ಹತ್ತುವ ಮೊದಲೇ ನಾವು 300 ಮೀಟರ್ ಮೇಲಕ್ಕೆ ಏರಿಬಿಟ್ಟಿರುತ್ತೇವೆ. ನಮಗೆ ಇದು ಗೊತ್ತೇ ಆಗುವುದಿಲ್ಲ, ವಿಮಾನಕ್ಕೆ ಗೊತ್ತಾಗುತ್ತದೆ. ಎತ್ತರದಲ್ಲಿ ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಆಸರೆ ಕಮ್ಮಿ, ಎಂಜಿನ್ನಿಗೆ ಉಸಿರು ಕಮ್ಮಿ. ಅದಕ್ಕೇ ತುಂಬಿದ ಹೊಟ್ಟೆಯ ವಿಮಾನ ಇಲ್ಲಿ ಏಳಲು ಕಡಲತೀರದ ಊರಿಗಿಂತ ಹೆಚ್ಚು ಓಡಬೇಕು. ಸ್ಯಾನ್ ಫ್ರಾನ್ಸಿಸ್ಕೊದ ರನ್‌ವೇ ಕೊಲ್ಲಿಯ ನೀರಿಗೆ ತಾಗಿಕೊಂಡೇ ಇದೆ, ಸಮುದ್ರಮಟ್ಟಕ್ಕಿಂತ ಎತ್ತರ ಅಂತ ಹೇಳಿದರೆ ನಾಲ್ಕು ಮೀಟರು.

ತುಂಬಿದ ಹೊಟ್ಟೆ ಎಂದೆ. ಎಷ್ಟು ತುಂಬಿದ ಹೊಟ್ಟೆ? ಈ ಎರಡು ಊರುಗಳ ನಡುವೆ ಮೊದಲ ನೇರ ಹಾರಾಟಕ್ಕೆ ಏರ್ ಇಂಡಿಯಾ ಬಳಸಿದ್ದು ಬೋಯಿಂಗ್ 777-200 ಎಲ್‌ಆರ್. ಅದು ನೆಲ ಬಿಡುವಾಗ ಇರಬಹುದಾದ ಅತಿ ಹೆಚ್ಚಿನ ತೂಕ 3,47,452 ಕೆಜಿ. ಮಂಡಿಯಲ್ಲಿ ನಿಂತು ಯೋಚಿಸಿದ್ದರಿಂದಲೋ ಏನೋ, ನನಗೆ ಮೂಟೆಯ ಲೆಕ್ಕವೇ ಬರುತ್ತದೆ. 50 ಕೆಜಿಯ ಮೂಟೆಯಾದರೆ 6,949 ಮೂಟೆ. ನಮ್ಮ ಹಮಾಲಿ ಕಣ್ಣರಳಿಸುವಂಥ ರಾಶಿ. ಅದರ ಟ್ಯಾಂಕುಗಳಲ್ಲಿ 1,81,283 ಲೀಟರ್ ಇಂಧನ ಹಿಡಿಯುತ್ತದೆ. ಪೆಟ್ರೋಲ್ ಬಂಕಿಗೆ ಬರುವ 12,000 ಲೀಟರಿನ ಟ್ಯಾಂಕರುಗಳು ಹದಿನೈದು ಸಾಲಾಗಿ ನಿಂತ ಹಾಗೆ. ತೂಕದಲ್ಲಿ ಹೆಚ್ಚುಕಡಿಮೆ 145 ಟನ್, ಅಂದರೆ 2,900 ಮೂಟೆ. ಹಾಗಿದ್ದರೆ ಮನುಷ್ಯರು? 238 ಸೀಟು. ಒಬ್ಬೊಬ್ಬರಿಗೆ ಬ್ಯಾಗು, ಪೆಟ್ಟಿಗೆ, ಚಟ್ನಿಪುಡಿ ಎಲ್ಲ ಸೇರಿ 120 ಕೆಜಿ ಹಾಕಿದರೂ 571 ಮೂಟೆ. ಹನ್ನೆರಡು ಮೂಟೆ ಸಾಗಿಸಿದರೆ ಅದರಲ್ಲಿ ಒಂದು ಮೂಟೆ ಜನ, ಉಳಿದದ್ದು ಗಾಡಿ ಮತ್ತು ಗಾಡಿಯ ಮೇವು. ಎತ್ತಿನ ಗಾಡಿಯವನು ಇಂಥ ವ್ಯಾಪಾರಕ್ಕೆ ಒಪ್ಪುತ್ತಿರಲಿಲ್ಲ. ಮೇವಿನದೇ ತಮಾಷೆ: ಹೊರಡುವಾಗ ಸುಡುವ ಇಂಧನದ ಒಂದು ಪಾಲು, ಮುಂದೆ ಸುಡಬೇಕಾದ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ದೂರ ಹೆಚ್ಚಿದಷ್ಟೂ ಹೊರೆ ಹೊರುವ ಹೊರೆಯೇ ಹೆಚ್ಚುತ್ತ ಹೋಗುತ್ತದೆ. 640 ಗ್ರಾಂಗೆ ಜೀನ್ಸ್ ಪ್ಯಾಂಟ್ ತೆಗೆಸಿದ ನಿಯಮದ ಮೇಲೆ ಆ ದಿನ ನನಗಿದ್ದ ಸಿಟ್ಟು ಈ ಲೆಕ್ಕ ಮಾಡಿದ ಮೇಲೆ ಅರ್ಧ ಇಳಿಯಿತು.

ಆ ಮೊದಲ ಹಾರಾಟದ ಕಥೆ ಹಲವರಿಗೆ ನೆನಪಿರಬಹುದು. 2021ರ ಜನವರಿ. ಕ್ಯಾಪ್ಟನ್ ಜೋಯಾ ಅಗರ್ವಾಲ್, ಜೊತೆಗೆ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಕಾಕ್‌ಪಿಟ್‌ನಲ್ಲಿ ನಾಲ್ವರೂ ಹೆಂಗಸರೇ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟವರು ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದರು. ಧ್ರುವಕ್ಕೇ ಹೋಗಿಬಂದರೆ ಸುತ್ತು ಜಾಸ್ತಿಯಲ್ಲವೇ? ನೂಲಿನ ಲೆಕ್ಕದಲ್ಲಿ ನೋಡಿದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ನೆಟ್ಟಗೆ ಧ್ರುವಕ್ಕೆ, ಧ್ರುವದಿಂದ ನೆಟ್ಟಗೆ ದೇವನಹಳ್ಳಿಗೆ ಸುಮಾರು 14,365 ಕಿ.ಮೀ. ಅತಿ ಹತ್ತಿರದ ದಾರಿಗಿಂತ ಬರೀ 375 ಕಿ.ಮೀ. ಹೆಚ್ಚು. ಭೂಮಿಯ ನೆತ್ತಿ ಮುಟ್ಟಿ ಬರಲು ತಗಲುವ ಹೆಚ್ಚುವರಿ ದೂರ, ಅರ್ಧ ಗಂಟೆಯ ಹಾರಾಟ.

ಅವರು ಹೊರಟದ್ದು ಅಲ್ಲಿನ ಗಡಿಯಾರದಲ್ಲಿ ಜನವರಿ 9ರ ಶನಿವಾರ ರಾತ್ರಿ ಎಂಟೂವರೆಗೆ. ಇಲ್ಲಿ ಇಳಿದದ್ದು 11ರ ಸೋಮವಾರ ನಸುಕಿನಲ್ಲಿ. ಹಾರಿದ್ದು ಹದಿನೇಳು ಗಂಟೆ ಚಿಲ್ಲರೆ. ಹಾಗಾದರೆ ನಡುವಿನ ಭಾನುವಾರ ಎಲ್ಲಿ ಹೋಯಿತು? ಅದರಲ್ಲಿ ಹದಿಮೂರೂವರೆ ಗಂಟೆಯನ್ನು ನಮ್ಮ ಗಡಿಯಾರ ನುಂಗಿತು. ಚಳಿಗಾಲದಲ್ಲಿ ಭಾರತ ಕ್ಯಾಲಿಫೋರ್ನಿಯಾಕ್ಕಿಂತ ಅಷ್ಟು ಮುಂದೆ. ಜನವರಿಯಲ್ಲಿ ಧ್ರುವದ ಮೇಲೆ ಸೂರ್ಯ ಹುಟ್ಟುವುದೇ ಇಲ್ಲ. ರಜೆಯ ದಿನ ಹೀಗೆ ಕತ್ತಲಲ್ಲಿ ಕಳೆದುಹೋದದ್ದಕ್ಕೆ ಪಾಪ ಆ ಪ್ರಯಾಣಿಕರು ಯಾರ ಹತ್ತಿರ ದೂರು ಕೊಡಬೇಕು.

ಧ್ರುವದ ದಾರಿಯಲ್ಲಿ ಪೈಲಟ್‌ಗಳಿಗೆ ದೊಡ್ಡ ಚಿಂತೆ ಇಂಧನ ಹೆಪ್ಪುಗಟ್ಟುವುದು. ಸಾಮಾನ್ಯವಾಗಿ ಬಳಸುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಗೆ ಗಟ್ಟಿಯಾಗಲು ತೊಡಗುತ್ತದೆ, ಅಮೆರಿಕದಲ್ಲಿ ತುಂಬುವ ಜೆಟ್ ಎ ಮೈನಸ್ 40ಕ್ಕೇ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುವುದು ಅಲ್ಲಿ ಮಾಮೂಲು. ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿ ಗಟ್ಟಿಯಾದರೆ ನಾವು ಬಿಸಿಲಿಗಿಡುತ್ತೇವೆ. ಅವರು ಕೆಳಗಿಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ, ಉಜ್ಜಾಟಕ್ಕೆ ರೆಕ್ಕೆಯ ಮೈ ಚೂರು ಬೆಚ್ಚಗಾಗಲಿ ಅಂತ. ಇನ್ನು ನೂಲು ತೋರಿಸಿದ ಅನ್ನಪೂರ್ಣ, ಟಿಬೆಟ್ಟಿನ ದಾರಿಯಲ್ಲಿ ವಿಮಾನಗಳು ಸಾಮಾನ್ಯವಾಗಿ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ತಕ್ಷಣ 10,000 ಅಡಿಗೆ ಇಳಿಯಬೇಕು, ಮೇಲಿಂದ ನೇತಾಡುವ ಮುಖವಾಡದ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಮಾತ್ರ. ಟಿಬೆಟ್ಟಿನಲ್ಲಿ ನೆಲವೇ ಸರಾಸರಿ 14,000 ಅಡಿಗೂ ಮೇಲಿದೆ. ಇಳಿಯುವುದೆಲ್ಲಿಗೆ?

ಆಕಾಶಕ್ಕೂ ಚೆಕ್‌ಪೋಸ್ಟ್ ಇದೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯೂರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್ 24ರಂದು ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಮುಚ್ಚಿತು. ನಮ್ಮಲ್ಲೂ ರಾಜ್ಯದ ಗಡಿಯ ಈಚೆ ಆಂಧ್ರದ ಹಿಂದೂಪುರ, ಆಚೆ ಕರ್ನಾಟಕದ ಗೌರಿಬಿದನೂರು. ನಡುವೆ 25 ಕಿ.ಮೀ. ಆಸುಪಾಸು. ಈ ಕಡೆಯ ಆಟೊ ಆ ಕಡೆಗೆ ಹೋಗಲು ಪರ್ಮಿಟ್ಟಿನ ಮಾತು ಬರುವುದನ್ನು ನೋಡಿಕೊಂಡೇ ಬೆಳೆದ ನಮಗೆ ಇದೇನು ಹೊಸದಲ್ಲ. ಅಲ್ಲಿ ಸುತ್ತು ಸಾವಿರಾರು ಕಿಲೋಮೀಟರು, ಅಷ್ಟೇ ವ್ಯತ್ಯಾಸ.

ಸುತ್ತುಬಳಸಿ ಹೋದರೆ ತಡ ಅಂತ ಯಾರು ಹೇಳಿದ್ದು? 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ದಾರಿ ಬಿಡಿಸಿ ಪೆಸಿಫಿಕ್ ಮೇಲೆ ಕಳಿಸಿತು. ದೂರ 15,300 ಕಿ.ಮೀ. ಹತ್ತಿರ, ಮೊದಲಿಗಿಂತ ಸುಮಾರು 1,400 ಕಿ.ಮೀ. ಜಾಸ್ತಿ. ಸಮಯ ಹದಿನಾಲ್ಕೂವರೆ ಗಂಟೆ, ಮೊದಲಿಗಿಂತ ಎರಡು ಗಂಟೆ ಕಮ್ಮಿ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಗಾಳಿ ಹಿಂದಿನಿಂದ ನೂಕಿತು. ತೂರುವಾಗ ಗಾಳಿ ನೋಡಿ ನಿಲ್ಲಬೇಕೆಂದು ಕಣದಲ್ಲಿ ಹೇಳುತ್ತಾರಲ್ಲ, ಅದೇ ವಿದ್ಯೆ.

ಇಷ್ಟು ದೂರದ 13,990 ಎಂಬ ಅಂಕಿಯನ್ನು ನನ್ನ ಫೋನು ಕಣ್ಣು ಮಿಟುಕಿಸುವುದರೊಳಗೆ ಹೇಳಿತು. ಆ ಅಂಕಿಯ ಹಿಂದೆ ನಮ್ಮ ಕಡೆಯ ನೆಲವೂ ಇದೆ ಎನ್ನುವುದು ನನಗೆ ತಡವಾಗಿ ಗೊತ್ತಾದ ವಿಷಯ, ಹಾಗಾಗಿ ಕೊಂಚ ನಿಲ್ಲುತ್ತೇನೆ. ದೂರ ಲೆಕ್ಕಹಾಕಲು ಭೂಮಿ ಎಷ್ಟು ದೊಡ್ಡದು, ಎಷ್ಟು ಚಪ್ಪಟೆ ಎಂದು ಗೊತ್ತಿರಬೇಕು. ಅದನ್ನು ಅಳೆಯಲು ಹೊರಟವರಲ್ಲಿ ಒಬ್ಬ ವಿಲಿಯಂ ಲ್ಯಾಂಬ್ಟನ್. ಶ್ರೀರಂಗಪಟ್ಟಣದ ಕೊನೆಯ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿದ್ದವನು. 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಹತ್ತಿರ ನೆಲದ ಮೇಲೆ ಉಕ್ಕಿನ ಸರಪಳಿ ಹಾಸಿ ಅಳೆಯತೊಡಗಿದ. ಸರಪಳಿ 100 ಅಡಿ. ಅಳೆದದ್ದು ಏಳೂವರೆ ಮೈಲಿ. ಹಿಡಿದದ್ದು 57 ದಿನ. ಬಿಸಿಲಿಗೆ ಸರಪಳಿ ಹಿಗ್ಗುತ್ತದೆಂದು ಅದನ್ನು ನೆರಳಲ್ಲಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಅಳೆದರು. ಎರಡೂವರೆ ಹರದಾರಿಗೆ ಎರಡು ತಿಂಗಳು. ನನ್ನ ಅವ್ವ ನಡೆದಿದ್ದರೆ ಒಂದು ಬೆಳಗಿನ ದಾರಿ.

ಅಲ್ಲಿಂದ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ತ್ರಿಕೋನ ಕಟ್ಟುತ್ತ ಹೋಗುವುದು. ಕೋನ ಅಳೆಯುವ ಅವನ ಥಿಯೋಡೊಲೈಟ್ ಅರ್ಧ ಟನ್ ತೂಗುತ್ತಿತ್ತು. ಮೂಟೆ ಲೆಕ್ಕಕ್ಕೆ ಹತ್ತು ಮೂಟೆ, ಅದನ್ನು ಬೆಟ್ಟ ಹತ್ತಿಸಬೇಕು. 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ಸರಪಳಿ ಹಾಸಿದ. 1811ರಲ್ಲಿ ಗುತ್ತಿಯ ಹತ್ತಿರ ಇನ್ನೊಮ್ಮೆ. ನಡುವೆ ದಕ್ಷಿಣಕ್ಕೆ ಕನ್ಯಾಕುಮಾರಿಯವರೆಗೂ ಹೋಗಿಬಂದ. ಬೆಂಗಳೂರಿಗೂ ಗುತ್ತಿಗೂ ನಡುವೆ ಏನಿದೆ? ನಮ್ಮದೇ ಸೀಮೆ. ಹಿಂದೂಪುರ, ಪೆನುಕೊಂಡದ ಸುತ್ತಮುತ್ತ ಕಾಣುವ ಈ ಬೋಳುಗುಡ್ಡಗಳ ಸೀಮೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಗುಡ್ಡದ ಮೇಲೆ ಬಾವುಟ ಹಾರುವುದನ್ನು ನೋಡಿ, ಇವರಿಗೇನು ಬಂತಪ್ಪ ಅಂತ ಮಾತಾಡಿಕೊಂಡಿರಬೇಕು. ಲ್ಯಾಂಬ್ಟನ್ ಕೆಲಸದ ಮಧ್ಯೆಯೇ 1823ರಲ್ಲಿ ಹಿಂಗನ್‌ಘಾಟಿನಲ್ಲಿ ಸತ್ತ. ಜಾರ್ಜ್ ಎವರೆಸ್ಟ್ ಅದನ್ನು ಹಿಮಾಲಯದ ಬುಡಕ್ಕೆ ಮುಟ್ಟಿಸಿದ. ಕನ್ಯಾಕುಮಾರಿಯಿಂದ ಮಸ್ಸೂರಿವರೆಗಿನ ಆ ಗೆರೆ ಸುಮಾರು 2,400 ಕಿ.ಮೀ. ಶುರುವಿನಿಂದ ಕೊನೆಗೆ ಹೆಚ್ಚುಕಡಿಮೆ ನಲವತ್ತು ವರ್ಷ. ಅಣ್ಣನ ಮಗನ ವಿಮಾನಕ್ಕೆ ಅದು ಮೂರು ಗಂಟೆಯೊಳಗಿನ ಕೆಲಸ, ಒಂದು ಸಿನಿಮಾ ಮುಗಿಯುವ ಹೊತ್ತು.

ಆ ಅಳತೆ ಪೂರ್ತಿ ಮುಗಿಯುವ ಮೊದಲೇ, ಅಲ್ಲಿವರೆಗೆ ಅಳೆದದ್ದರಿಂದ ಎವರೆಸ್ಟ್ 1830ರಲ್ಲಿ ಭೂಮಿಯ ಸಮಭಾಜಕದ ತ್ರಿಜ್ಯ ಲೆಕ್ಕಹಾಕಿದ್ದು 6,377 ಕಿ.ಮೀ. 276 ಮೀಟರ್. ಇವತ್ತು ಉಪಗ್ರಹಗಳಿಂದ ಅಳೆದು ಫೋನುಗಳಿಗೆಲ್ಲ ಕೊಟ್ಟಿರುವ ಅಂಕಿ 6,378 ಕಿ.ಮೀ. 137 ಮೀಟರ್. ಎರಡಕ್ಕೂ ಇರುವ ವ್ಯತ್ಯಾಸ 861 ಮೀಟರ್. ಎವರೆಸ್ಟ್ ಅಳೆದದ್ದು ಭಾರತದ ಬೆನ್ನಿನ ಬಾಗನ್ನು ಮಾತ್ರ, ಅದರಲ್ಲಿ ಇಡೀ ಭೂಮಿಯನ್ನು ಊಹಿಸಿದ. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೇ ಎಂದು ಹೇಳುವುದು ನಮಗೂ ಗೊತ್ತು, ಆದರೆ ಈ ಮನುಷ್ಯರು ಒಂದು ಅಗುಳಿನಿಂದ ಪಾತ್ರೆಯ ಸುತ್ತಳತೆ ಹೇಳಿದರು, ಏಳು ಸಾವಿರದಲ್ಲಿ ಒಂದು ಪಾಲಿನಷ್ಟು ತಪ್ಪಿನೊಳಗೆ.

ಇದಕ್ಕಿಂತಲೂ ದೂರ ಹೋಗಬಹುದೇ ಎಂದು ಹುಡುಗ ದಾರಿಯಲ್ಲಿ ಕೇಳಿದ್ದ. ಹೋಗಬಹುದು. ಸಿಂಗಪುರ-ನ್ಯೂಯಾರ್ಕ್ ವಿಮಾನ 15,300 ಕಿ.ಮೀ.ಗೂ ಹೆಚ್ಚು ಹಾರುತ್ತದೆ. ಆದರೆ ಭೂಮಿಯ ಮೇಲೆ ಯಾರೂ 20,000 ಕಿ.ಮೀ. ಚಿಲ್ಲರೆಗಿಂತ ದೂರ ಹೋಗಲಾರರು, ಅದನ್ನು ಮೀರಿದರೆ ವಾಪಸ್ ಬಂದ ಹಾಗೆ. ಹಿಂದೂಪುರದಿಂದ ಭೂಮಿಯ ಹೊಟ್ಟೆಗೆ ಒಂದು ಕಡ್ಡಿ ಚುಚ್ಚಿದರೆ ಆಚೆ ಕಡೆ ಅದು ಮೂಡುವುದು ಪೆಸಿಫಿಕ್ ಸಮುದ್ರದಲ್ಲಿ, ಪೆರುವಿನ ಪಶ್ಚಿಮಕ್ಕೆ. ಸುತ್ತ ನೀರೋ ನೀರು. ಹೆಸರು ಕೇಳಿದ ನೆಲ ಅಂದರೆ ಸಾವಿರದೈನೂರು ಕಿಲೋಮೀಟರಿಗೂ ಆಚೆ ಕಲ್ಲಿನ ದೊಡ್ಡ ಮುಖಗಳ ಈಸ್ಟರ್ ದ್ವೀಪ. ನಮ್ಮೂರಿನವರು ಊರಿಂದ ಎಷ್ಟೇ ದೂರ ಓಡಿಹೋಗಲಿ, ಅಷ್ಟು ದೂರ ಹೋಗಿ ನಿಲ್ಲಲು ನೆಲವೇ ಇಲ್ಲ.

ಓಡದೆಯೂ ದೂರ ಹೋಗಬಹುದು. ಹಿಂದೂಪುರದ ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಟವೆಲು ಹಾಸಿ ಮಲಗಿದ ಮನುಷ್ಯನನ್ನು ತೆಗೆದುಕೊಳ್ಳಿ. ಭೂಮಿ ತಿರುಗುತ್ತಿದೆಯಲ್ಲ, ನಮ್ಮ ಅಕ್ಷಾಂಶದಲ್ಲಿ ಅವನು ಗಂಟೆಗೆ 1,620 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿದ್ದಾನೆ. ವಿಮಾನಕ್ಕೆ ಗಂಟೆಗೆ 870ರ ಆಸುಪಾಸು. ಹದಿನಾರು ಗಂಟೆ ನಿದ್ದೆ ಹೊಡೆದರೆ ಅವನು ಕ್ರಮಿಸುವುದು 26,000 ಕಿ.ಮೀ. ಅದೇ ಹೊತ್ತಿನಲ್ಲಿ ಸೂರ್ಯನ ಸುತ್ತ ಹದಿನೇಳು ಲಕ್ಷ ಕಿ.ಮೀ. ಪೆಟ್ಟಿಗೆಯ ತೂಕ ಯಾರೂ ಕೇಳಲಿಲ್ಲ.

ಹುಡುಗ ಒಳಗೆ ಹೋದ ಮೇಲೂ ನಾನು ನಿಲ್ದಾಣದ ಹೊರಗೇ ಕುಳಿತಿದ್ದೆ. 2024-25ರ ಒಂದೇ ವರ್ಷದಲ್ಲಿ ಆ ಬಾಗಿಲುಗಳಲ್ಲಿ ನಾಲ್ಕು ಕೋಟಿ ಹದಿನೆಂಟು ಲಕ್ಷ ಜನ ಓಡಾಡಿದರಂತೆ. ಆ ದಿನ ನನಗೆ ಕಂಡದ್ದು ಒಬ್ಬ. ಎರಡೂವರೆಗೆ ಸ್ವಲ್ಪ ಮೊದಲು "ಕೂತೆ ಚಿಕ್ಕಪ್ಪಾ, ಬೆಲ್ಟ್ ಹಾಕಿದೀನಿ" ಅಂತ ಮೆಸೇಜು ಬಂತು. ಹಿಂದೂಪುರದಿಂದ ಬಂದ ಕಾರನ್ನು ವಾಪಸ್ ಕಳಿಸಿದ್ದೆ, ಏಕೆಂದರೆ ಅವ್ವನಿಗೆ ಮಾತು ಕೊಟ್ಟಿದ್ದೆ: ಅವನನ್ನು ಹತ್ತಿಸಿ ರಾತ್ರಿಯೊಳಗೆ ಊರಿಗೆ ಬಂದು ಹೇಳುತ್ತೇನೆ. ಹೆದ್ದಾರಿಯಲ್ಲಿ ನಿಂತು ಅನಂತಪುರದ ಬಸ್ಸಿಗೆ ಕೈ ಅಡ್ಡ ಹಿಡಿದೆ.

ದೇವನಹಳ್ಳಿಯಿಂದ ಕಲ್ಯಾಣದುರ್ಗಕ್ಕೆ ಹಕ್ಕಿಯ ದಾರಿ 165 ಕಿ.ಮೀ. ನಮ್ಮ ದಾರಿ ಇನ್ನೂರರ ಹತ್ತಿರ. ಪೆನುಕೊಂಡದವರೆಗೆ ಚೆನ್ನಾಗೇ ಬಂದೆ. ಅಲ್ಲಿಂದ ಒಳದಾರಿಯ ಬಸ್ಸು. ಒಂದು ಬಸ್ಸು ಬರಲೇ ಇಲ್ಲ, ಇನ್ನೊಂದು ಬಂದು ಅರ್ಧ ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ನಿಂತಿತು. ಕತ್ತಲು. ರಸ್ತೆ ಪಕ್ಕದ ಹೊಲದಲ್ಲಿ ನಿಂತು ಮೇಲೆ ನೋಡಿದೆ, ನಕ್ಷತ್ರ ಚೆನ್ನಾಗಿ ಕಾಣುತ್ತಿದ್ದವು. ಕಂಡಕ್ಟರು ಜಾಕಿ ತಿರುಗಿಸುತ್ತ, "ಅರ್ಜೆಂಟ್ ಇತ್ತಾ ಅಣ್ಣಾ?" ಅಂತ ಕೇಳಿದ. ಇಲ್ಲ ಅಂದೆ. ಮನೆ ಬಾಗಿಲಿಗೆ ಮುಟ್ಟಿದಾಗ ರಾತ್ರಿ ಒಂಬತ್ತೂಕಾಲು. ಹಕ್ಕಿಯ ದಾರಿಗೆ ಭಾಗಿಸಿದರೆ ಗಂಟೆಗೆ 24 ಕಿ.ಮೀ. ಉಂಡು ಮಲಗಿದೆ.

ಬೆಳಿಗ್ಗೆ ಆರೂವರೆ ದಾಟಿತ್ತು. ಅವ್ವ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಳು. ಹುಡುಗನ ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ಇಳಿದೆ ಚಿಕ್ಕಪ್ಪಾ. ಅಜ್ಜಿಗೆ ಹೇಳಿ."

"ಇಲ್ಲೇ ಅದೀನಿ ಕಣೋ," ಅವ್ವ ರಂಗೋಲಿಯ ಬಟ್ಟಲು ಹಿಡಿದೇ ಹತ್ತಿರ ಬಂದಳು. "ಊಟ ಮಾಡ್ದ್ಯಾ? ಅಲ್ಲಿ ಬೆಳಕಾಗೈತಾ?"

"ಇಲ್ಲಿನ್ನೂ ನಿನ್ನೆ ಸಾಯಂಕಾಲ, ಅಜ್ಜಿ. ಐದು ಗಂಟೆ. ಬಿಸಿಲು ಇನ್ನೂ ಇದೆ."

ಅವ್ವ ಫೋನನ್ನೂ ನನ್ನನ್ನೂ ಒಂದು ಸಲ ನೋಡಿದಳು. ಬೆರಳು ಮಡಿಚಿ ಏನೋ ಎಣಿಸಿದಳು.

"ಅವನು ನಿನ್ನೆ ಐದಕ್ಕೇ ಮುಟ್ಟಿದಾನೆ," ಎಂದಳು. "ನೀನು ಒಂಬತ್ತೂಕಾಲಿಗೆ ಬಂದೆ. ದಾರೀಲಿ ಎಲ್ಲಿ ಹೋಗಿದ್ಯೋ?"